ಗ್ರಂಥಾಲಯ ಕೈಬಿಟ್ಟ ಆಕರ ಗ್ರಂಥಗಳನ್ನು ಸಂಗ್ರಹಿಸುವ ಬಗೆ

ನನ್ನ ಮೇಜಿನ ಮೇಲೆ ಸದಾ ಇರುವ ಒಂದು ಹಳೆಯ ಜಿಲ್ಲಾ ಗೆಜೆಟಿಯರಿನ (ಜಿಲ್ಲೆಯ ಸರ್ಕಾರಿ ವಿವರ ಗ್ರಂಥದ) ಮೊದಲ ಹಾಳೆಯಲ್ಲಿ ಮೂರು ಮೊಹರುಗಳಿವೆ. ನೇರಳೆ ಶಾಯಿಯ ದುಂಡು ಮೊಹರು ಒಂದು ಪ್ರೌಢಶಾಲೆಯದು. ಅದರ ಕೆಳಗಿನ ಆಯತಾಕಾರದ ಮೊಹರು ಒಂದು ಕಾಲೇಜಿನದು. ಅದರ ಗೆರೆಗಳ ಮೇಲೆ ಪರಿಗ್ರಹಣ ಸಂಖ್ಯೆ (ಗ್ರಂಥಾಲಯಕ್ಕೆ ಸೇರಿದ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ), ವರ್ಗ ಸಂಖ್ಯೆ (ವಿಷಯವನ್ನು ಸೂಚಿಸುವ ಸಂಖ್ಯೆ), ದಿನಾಂಕಗಳನ್ನು ಯಾರೋ ನಿಬ್ಬಿನ ಪೆನ್ನಿನಲ್ಲಿ ದುಂಡಾಗಿ ಬರೆದಿದ್ದಾರೆ. ಮೂರನೆಯದು ಕೆಂಪು ಬಣ್ಣದ್ದು. ‘ರದ್ದುಪಡಿಸಲಾಗಿದೆ’ ಎಂಬ ಒಂದೇ ಪದ, ಪಕ್ಕದಲ್ಲಿ ಗ್ರಂಥಪಾಲಕರ ಚಿಕ್ಕ ಸಹಿ ಮತ್ತು ತಾರೀಖು. ಮೊದಲ ಎರಡು ಮೊಹರುಗಳಿಂದ ಪುಸ್ತಕ ಎಲ್ಲೆಲ್ಲಿ ಇತ್ತೆಂಬುದು ತಿಳಿಯುತ್ತದೆ; ಅದು ನನ್ನ ಮನೆಯಲ್ಲಿ ಇರಬಹುದೆಂದು ಹೇಳುವುದು ಮೂರನೆಯದು. ಗ್ರಂಥಾಲಯಗಳು ಕೈಬಿಟ್ಟ ಆಕರ ಗ್ರಂಥಗಳನ್ನು ಸಂಗ್ರಹಿಸಬೇಕೆನ್ನುವವರು ಮೊಟ್ಟಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸವೆಂದರೆ ಬೆಲೆ ಕೇಳುವುದಕ್ಕೂ ಮುಂಚೆ ಈ ಮೂರನೆಯ ಮೊಹರನ್ನು ಹುಡುಕುವುದು.

ನಿಘಂಟು, ವಿಶ್ವಕೋಶ, ಗೆಜೆಟಿಯರು, ಶಾಸನ ಸಂಪುಟ, ಜನಗಣತಿ ಕೈಪಿಡಿ, ಗ್ರಂಥಸೂಚಿ, ಹೀಗೆ ಬೇಕಾದಾಗ ತೆರೆದು ನೋಡುವ ಆಕರ ಗ್ರಂಥಗಳೆಲ್ಲ ದಪ್ಪ, ಭಾರ, ಹೆಚ್ಚು ಜಾಗ ಬೇಡುವಂಥವು. ಜಾಗ ಸಾಲದಾದಾಗ ಗ್ರಂಥಾಲಯದಿಂದ ಮೊದಲು ಹೊರಬೀಳುವವೂ ಇವೇ. ಕಾದಂಬರಿಯೊಂದು ಹೋದರೆ ಮರುಮುದ್ರಣ ಬರಬಹುದು, ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇದ್ದೇ ಇರುತ್ತದೆ. 1961ರ ಜನಗಣತಿಯ ಜಿಲ್ಲಾ ಕೈಪಿಡಿಯನ್ನು ಯಾರೂ ಮರುಮುದ್ರಿಸುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳು ಇನ್ನೂ ಊರುಗಳಾಗಿಯೇ, ಹೆಸರಿನೊಂದಿಗೆ, ಜನಸಂಖ್ಯೆಯೊಂದಿಗೆ ನಿಂತಿರುವುದು ಅಂಥ ಕೈಪಿಡಿಗಳ ಪಟ್ಟಿಗಳಲ್ಲಿ. ಮಾಹಿತಿಯಾಗಿ ಹಳತಾದ ಪುಸ್ತಕ ಹೀಗೆ ತನ್ನ ಕಾಲದ ದಾಖಲೆಯಾಗಿ ಬದಲಾಗುತ್ತದೆ, ಮತ್ತು ಸಂಗ್ರಹಕಾರನ ಕೆಲಸ ಆರಂಭವಾಗುವುದು ಅಲ್ಲಿಂದ.

ಏನನ್ನು ಸಂಗ್ರಹಿಸಬೇಕೆಂದು ಮೊದಲು ನಿಶ್ಚಯಿಸಿ

‘ಹಳೆಯ ಪುಸ್ತಕಗಳು’ ಎಂದು ಹೊರಟವರ ಮನೆ ಎರಡೇ ವರ್ಷದಲ್ಲಿ ಗೋದಾಮಾಗುತ್ತದೆ. ಒಂದು ಜಿಲ್ಲೆ, ಒಂದು ಶಾಸ್ತ್ರ, ಅಥವಾ ಒಂದು ಬಗೆಯ ಗ್ರಂಥ ಎಂದು ಎಲ್ಲೆ ಹಾಕಿಕೊಳ್ಳುವುದು ಒಳ್ಳೆಯದು. ಉದಾಹರಣೆಗೆ ಧಾರವಾಡ ಸೀಮೆಯೊಂದನ್ನೇ ಆರಿಸಿಕೊಂಡವರಿಗೆ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 1884ರ ಧಾರವಾಡ ಸಂಪುಟ, ಸ್ವಾತಂತ್ರ್ಯಾನಂತರದ ಜಿಲ್ಲಾ ಗೆಜೆಟಿಯರುಗಳು, ಪ್ರತಿ ಹತ್ತು ವರ್ಷಕ್ಕೊಂದರಂತೆ ಬಂದ ಜನಗಣತಿ ಕೈಪಿಡಿಗಳು, ಇಷ್ಟರಲ್ಲೇ ಹಲವು ವರ್ಷಗಳ ಹುಡುಕಾಟ ಇದೆ. ನಿಘಂಟುಗಳ ದಾರಿ ಹಿಡಿದವರು ವಿಲಿಯಂ ರೀವ್‌ನ 1824 ಮತ್ತು 1832ರ ಕೋಶಗಳಿಂದ ಹಿಡಿದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ನಿಘಂಟು, ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಕೊಟ್ಟ ನಾಲ್ಕು ಸಂಪುಟಗಳು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಎಂದು ಒಂದು ಸಾಲನ್ನೇ ಕಟ್ಟಬಹುದು. ಈ ಸಾಲಿನ ಮೊದಲ ಹೆಸರುಗಳು ಗ್ರಂಥಾಲಯದ ರದ್ದಿಯಲ್ಲಿ ಸುಲಭವಾಗಿ ಸಿಗುವಂಥವಲ್ಲ. ಕೊನೆಯವು ತಾಳ್ಮೆಯಿದ್ದರೆ ಸಿಗುತ್ತವೆ.

ಹೊಸಬರಿಗೆ ನನ್ನ ಸಲಹೆ, ಇಂಗ್ಲಿಷಿನ ದೊಡ್ಡ ವಿಶ್ವಕೋಶಗಳಿಂದ ಆರಂಭಿಸಬೇಡಿ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಮುದ್ರಣವನ್ನು ನಿಲ್ಲಿಸುವುದಾಗಿ 2012ರಲ್ಲಿ ಘೋಷಿಸಿದ ಮೇಲೆ ಅದರ ಸೆಟ್ಟುಗಳನ್ನು ಕಾಲೇಜುಗಳು ಸಾಲುಸಾಲಾಗಿ ಹೊರಗಿಟ್ಟವು. ಕೊನೆಯ 2010ರ ಮುದ್ರಣ 32 ಸಂಪುಟಗಳದು, ತೂಕ ಸುಮಾರು 58 ಕಿಲೋ. ಚಿನ್ನದ ಅಕ್ಷರದ ಬೆನ್ನುಗಳನ್ನು ಕಂಡು ಮನಸ್ಸು ಸೋಲುವುದು ಸಹಜ. ಆದರೆ ಅವು ಜಗತ್ತಿನಾದ್ಯಂತ ಬೇಕಾದಷ್ಟಿವೆ. ನೀವು ಉಳಿಸದಿದ್ದರೂ ಉಳಿಯುತ್ತವೆ. ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯ ಒಂದು ಸಂಪುಟ ಅದೇ ರಾಶಿಯ ತಳದಲ್ಲಿ ಬಿದ್ದಿದ್ದರೆ, ಕೈ ಮೊದಲು ಅದರತ್ತ ಹೋಗಬೇಕು. ಶಿವರಾಮ ಕಾರಂತರು ಒಬ್ಬರೇ ಕುಳಿತು ಬರೆದ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳಿಗೂ ಇದೇ ಮಾತು ಸಲ್ಲುತ್ತದೆ.

ಪುಸ್ತಕ ಹೊರಬರುವ ದಾರಿ

ಗ್ರಂಥಾಲಯದಿಂದ ಪುಸ್ತಕ ತನ್ನಷ್ಟಕ್ಕೆ ಹೊರಬರುವುದಿಲ್ಲ. ದಾಸ್ತಾನು ಪರಿಶೀಲನೆ ನಡೆಯಬೇಕು, ಹರಿದ, ಹಳತಾದ, ಹೆಚ್ಚುವರಿಯಾದ ಪ್ರತಿಗಳ ಪಟ್ಟಿ ತಯಾರಾಗಬೇಕು, ಗ್ರಂಥಾಲಯ ಸಮಿತಿ ಅಥವಾ ಸಂಸ್ಥೆಯ ಮುಖ್ಯಸ್ಥರು ಅದಕ್ಕೆ ಒಪ್ಪಿಗೆ ಕೊಡಬೇಕು, ಪರಿಗ್ರಹಣ ವಹಿಯಲ್ಲಿ ಆ ಸಂಖ್ಯೆಗಳ ಎದುರು ವಜಾ ಮಾಡಿದ ಬಗ್ಗೆ ನಮೂದಾಗಬೇಕು. ಅದಾದ ಮೇಲೆ ಹರಾಜು, ದರಪಟ್ಟಿ ಅಥವಾ ಟೆಂಡರ್ ಮೂಲಕ ವಿಲೇವಾರಿ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಅನ್ವಯವಾಗುವ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ 20,000 ಪುಸ್ತಕಗಳವರೆಗಿನ ಗ್ರಂಥಾಲಯದಲ್ಲಿ ಪ್ರತಿ ವರ್ಷವೂ, 50,000ದವರೆಗಿನದರಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಪೂರ್ಣ ಪರಿಶೀಲನೆ ಆಗಬೇಕು. ಅಪರೂಪದ ಪುಸ್ತಕ ಕಳೆದುಹೋದರೆ ಅದರ ಬೆಲೆ ಎಷ್ಟೇ ಇರಲಿ, ತನಿಖೆ ನಡೆಯಲೇಬೇಕೆಂದೂ ಅದೇ ನಿಯಮ ಹೇಳುತ್ತದೆ. ಇದನ್ನು ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ‘ರದ್ದುಪಡಿಸಲಾಗಿದೆ’ ಎಂಬ ವಜಾ ಮೊಹರಿಲ್ಲದ, ರಸೀದಿಯಿಲ್ಲದ ಗ್ರಂಥಾಲಯದ ಪುಸ್ತಕವನ್ನು ‘ಯಾರಿಗೂ ಬೇಡವಾಗಿತ್ತು’ ಎಂದು ಕೊಳ್ಳುವವರು, ಆ ಗ್ರಂಥಪಾಲಕರ ತಲೆಯ ಮೇಲೆ ಒಂದು ವಿಚಾರಣೆಯನ್ನು ಹೊರಿಸುತ್ತಿರಬಹುದು.

ಆದ್ದರಿಂದ ನೇರವಾಗಿ ಗ್ರಂಥಪಾಲಕರ ಬಳಿಗೆ ಹೋಗುವುದೇ ಉತ್ತಮ ದಾರಿ. ಬಾಯಿಮಾತಿನಲ್ಲಿ ಕೇಳಿದ್ದು ಮರೆತುಹೋಗುತ್ತದೆ. ಬರೆದುಕೊಟ್ಟದ್ದು ಕಡತಕ್ಕೆ ಸೇರಿ, ವಿಲೇವಾರಿಯ ಸಮಯದಲ್ಲಿ ಮೇಲೆ ಬರುತ್ತದೆ. ನಾನು ಬಳಸುವ ಪತ್ರದ ಒಕ್ಕಣೆ ಹೀಗಿರುತ್ತದೆ:

“ಮಾನ್ಯರೇ, ನಾನು ಈ ಭಾಗದ ಸ್ಥಳೀಯ ಇತಿಹಾಸದ ಅಭ್ಯಾಸಕ್ಕಾಗಿ ಹಳೆಯ ಗೆಜೆಟಿಯರು, ನಿಘಂಟು ಹಾಗೂ ಜನಗಣತಿ ಕೈಪಿಡಿಗಳನ್ನು ಸಂಗ್ರಹಿಸುತ್ತಿದ್ದೇನೆ. ತಮ್ಮ ಗ್ರಂಥಾಲಯದಲ್ಲಿ ನಿಯಮಾನುಸಾರ ವಜಾ ಮಾಡಿ ವಿಲೇವಾರಿಗೆ ಇಟ್ಟ ಇಂಥ ಗ್ರಂಥಗಳಿದ್ದಲ್ಲಿ, ಹರಾಜು ಅಥವಾ ದರಪಟ್ಟಿ ಕರೆಯುವ ವೇಳೆ ನನಗೂ ತಿಳಿಸಬೇಕೆಂದು ಕೋರುತ್ತೇನೆ. ನಿಗದಿಯಾದ ಮೊತ್ತವನ್ನು ಕಟ್ಟಿ ರಸೀದಿ ಪಡೆಯುತ್ತೇನೆ. ಮುಂದೆ ತಮ್ಮ ಓದುಗರಿಗೆ ಇವು ಬೇಕಾದಲ್ಲಿ ನೋಡಲು ಕೊಡಲು ಸಿದ್ಧನಿದ್ದೇನೆ.”

ಕೊನೆಯ ವಾಕ್ಯವನ್ನು ಬಿಡಬೇಡಿ, ಬರೆದ ಮೇಲೆ ಅದಕ್ಕೆ ತಪ್ಪಲೂ ಬೇಡಿ. ಪುಸ್ತಕವನ್ನು ಕೈಬಿಡುವ ನೋವು ಗ್ರಂಥಪಾಲಕರಿಗೂ ಇರುತ್ತದೆ. ಅದು ತೂಕಕ್ಕೆ ಹೋಗಿ ಮಿಲ್ಲಿನ ತೊಟ್ಟಿಗೆ ಬೀಳುವ ಬದಲು ಓದುವವರ ಮನೆಗೆ ಹೋಗುತ್ತದೆಂದು ಖಾತ್ರಿಯಾದರೆ, ಪಟ್ಟಿ ತಯಾರಾಗುವಾಗಲೇ ನಿಮ್ಮ ನೆನಪು ಮಾಡಿಕೊಳ್ಳುತ್ತಾರೆ. ಪತ್ರ ಕೊಡಲು ಒಳ್ಳೆಯ ಕಾಲವೆಂದರೆ ಮಾರ್ಚ್ ಕೊನೆಯ ಲೆಕ್ಕಪತ್ರಕ್ಕೆ ಎರಡು ಮೂರು ತಿಂಗಳು ಮೊದಲು, ಇಲ್ಲವೇ ಗ್ರಂಥಾಲಯ ಹೊಸ ಕಟ್ಟಡಕ್ಕೆ ಹೋಗುವ ಸುದ್ದಿ ತಿಳಿದ ಕೂಡಲೇ. ಹರಾಜಿನಲ್ಲಿ ಸಾಮಾನ್ಯವಾಗಿ ಇಡೀ ರಾಶಿಯನ್ನು ಒಂದೇ ಲಾಟಾಗಿ ಕೂಗುತ್ತಾರೆ. ನಿಮಗೆ ಬೇಕಾದವು ಹತ್ತು, ಲಾಟಿನಲ್ಲಿರುವವು ಎಂಟುನೂರು. ಅಂಥಲ್ಲಿ ರದ್ದಿ ವ್ಯಾಪಾರಿಯೊಂದಿಗೆ ಪೈಪೋಟಿಗೆ ಇಳಿಯುವುದಕ್ಕಿಂತ, ಹರಾಜಿಗೆ ಮುಂಚೆಯೇ ಅವರೊಂದಿಗೆ ಮಾತನಾಡಿ, ಲಾಟು ಅವರಿಗೇ ಆಗಲಿ, ಆರಿಸಿಕೊಳ್ಳಲು ಒಂದು ಗಂಟೆ ನಮಗೆ ಸಿಗಲಿ ಎಂದು ಒಪ್ಪಂದ ಮಾಡಿಕೊಳ್ಳುವುದು ಇಬ್ಬರಿಗೂ ಅನುಕೂಲ.

ಆ ಒಂದು ಗಂಟೆಯ ಬೆಲೆ ನನಗೆ ಗೊತ್ತಾದದ್ದು ಹುಬ್ಬಳ್ಳಿಯ ಒಂದು ರದ್ದಿ ಅಂಗಡಿಯಲ್ಲಿ. ಕಾಲೇಜೊಂದರ ಪುಸ್ತಕಗಳು ಬಂದಿವೆಯೆಂಬ ಸುದ್ದಿ ಕೇಳಿ ಮರುದಿನ ಬೆಳಿಗ್ಗೆ ಹೋದೆ. ಅಂಗಡಿಯ ಮುಂದೆ ಕ್ಯಾಲಿಕೊ ಬಟ್ಟೆಯ ರಟ್ಟುಗಳು ಒಂದು ಕಡೆ ಗುಡ್ಡೆಯಾಗಿದ್ದವು, ರಟ್ಟು ಕಿತ್ತ ಪುಸ್ತಕಗಳು ಇನ್ನೊಂದು ಕಡೆ. “ರಟ್ಟು ಬ್ಯಾರೆ, ಕಾಗದ ಬ್ಯಾರೆ ಮಾಡಿದ್ರನ ಮಿಲ್ಲಿನವರು ಛಲೋ ರೇಟ್ ಕೊಡ್ತಾರ್ರೀ. ನಿನ್ನೆ ಸಂಜಿಕ ಬರಬೇಕಿತ್ತು ನೀವು” ಎಂದರು ಅಂಗಡಿಯವರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದು ಅವರ ಕಸುಬು. ಬೆನ್ನಿಲ್ಲದ, ಹೆಸರಿಲ್ಲದ ಆ ಹಾಳೆಗಳ ನಡುವೆ ಕುಳಿತು ಒಂದು ಶಾಸನ ಸಂಪುಟದ ಮೂರು ತುಂಡುಗಳನ್ನು ಮಾತ್ರ ಕೂಡಿಸಿಕೊಂಡು ಬಂದೆ. ಅಂದಿನಿಂದ, ರದ್ದಿ ಅಂಗಡಿಯವರಿಗೆ ಫೋನ್ ನಂಬರ್ ಕೊಟ್ಟು, “ದಪ್ಪ ಪುಸ್ತಕ ಬಂದರೆ ರಟ್ಟು ಕೀಳುವ ಮೊದಲು ಒಂದು ಮಾತು ತಿಳಿಸಿರಿ, ರಟ್ಟಿನ ತೂಕಕ್ಕೂ ಕಾಗದದ ದರವನ್ನೇ ಕೊಡುತ್ತೇನೆ” ಎಂದು ಹೇಳಿಡುತ್ತೇನೆ. ಈ ಒಂದು ಮಾತಿನಿಂದ ಉಳಿದ ಪುಸ್ತಕಗಳು ಹಲವು.

ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲು, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳು ಹತ್ತಿರದಲ್ಲಿವೆ. ಅಲ್ಲಿ ಬೆಲೆ ಹೆಚ್ಚು, ಆದರೆ ಆರಿಸುವ ಶ್ರಮ ಅವರದಾಗಿರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೂ ಇಲ್ಲಿ ಒಂದು ವಿಶೇಷ ಅವಕಾಶವಿದೆ. 1962ರಿಂದ ಪಿಎಲ್-480 ಎಂಬ ಅಮೆರಿಕದ ಆಹಾರಧಾನ್ಯ ನೆರವಿನ ಯೋಜನೆಯಡಿ ಭಾರತೀಯ ಭಾಷೆಗಳ ಪುಸ್ತಕಗಳು, ಕನ್ನಡದವೂ ಸೇರಿ, ಅಲ್ಲಿನ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಹೋಗಿವೆ. ಅಲ್ಲಿಯೂ ಜಾಗದ ಒತ್ತಡ ಇದ್ದೇ ಇದೆ. ನಿಮ್ಮೂರಿನ ಗ್ರಂಥಾಲಯ ನಡೆಸುವ ಪುಸ್ತಕ ಮಾರಾಟದ ದಿನ ವಿದೇಶಿ ಭಾಷೆಗಳ ಮೇಜಿನ ಬಳಿ ಐದು ನಿಮಿಷ ನಿಲ್ಲುವುದು ವ್ಯರ್ಥವಾಗಲಿಕ್ಕಿಲ್ಲ. ಇಲ್ಲಿಂದ ಅಲ್ಲಿಗೆ ಒಯ್ಯುವಾಗ ಮಾತ್ರ ಎಚ್ಚರ ಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿ, ದಾಖಲೆಗಳು 75 ವರ್ಷ ತುಂಬಿದರೆ, ಐತಿಹಾಸಿಕ ಮಹತ್ವದ ಇತರ ವಸ್ತುಗಳು 100 ವರ್ಷ ತುಂಬಿದರೆ ಪುರಾತನ ವಸ್ತುಗಳಾಗುತ್ತವೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಕೊಳ್ಳುವ ಮುನ್ನ ಪುಸ್ತಕವನ್ನು ಓದುವ ಕ್ರಮ

ಇಲ್ಲಿ ನಿಧಾನ ಬೇಕು. ಆಕರ ಗ್ರಂಥಗಳಿಗೆ ಒಂದು ಸ್ವಭಾವವಿದೆ. ಅವು ಮನೆಗೆ ಎರವಲು ಹೋದವಲ್ಲ, ಆದ್ದರಿಂದ ದಿನಾಂಕ ಚೀಟಿ ಖಾಲಿಯಿರುತ್ತದೆ, ಒಳಹಾಳೆಗಳು ಬಹುಮಟ್ಟಿಗೆ ಆರೋಗ್ಯವಾಗಿರುತ್ತವೆ. ಏಟು ಬಿದ್ದಿರುವುದು ಬೆನ್ನಿನ ತುದಿಗೆ. ಓದುಗರು ಕಪಾಟಿನಿಂದ ಪುಸ್ತಕವನ್ನು ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯುವುದರಿಂದ ಅಲ್ಲಿನ ಬಟ್ಟೆ ಹರಿದು ಜೋತಾಡುತ್ತಿರುತ್ತದೆ. ಇದು ನೋಡಲು ಕೆಟ್ಟದಾಗಿದ್ದರೂ ಸುಲಭವಾಗಿ ಸರಿಯಾಗುವ ದೋಷ. ಇದನ್ನು ಕಂಡು ಪುಸ್ತಕ ಬಿಡಬೇಡಿ. ಬಿಡಬೇಕಾದ ದೋಷಗಳು ಒಳಗಿರುತ್ತವೆ.

ಮೊದಲು ಸಂಪುಟಗಳನ್ನು ಎಣಿಸಿ, ಆದರೆ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಸಿ. ಹಯವದನರಾಯರ ಮೈಸೂರು ಗೆಜೆಟಿಯರು 1927ರಿಂದ 1930ರ ನಡುವೆ ಐದು ಸಂಪುಟಗಳಲ್ಲಿ ಬಂತೆಂದು ಎಲ್ಲರೂ ಹೇಳುತ್ತಾರೆ. ಅದರ ಎರಡನೆಯ ಸಂಪುಟವೇ ನಾಲ್ಕು ಭಾಗಗಳಾಗಿರುವುದರಿಂದ ಕೈಯಲ್ಲಿರಬೇಕಾದ ಪುಸ್ತಕಗಳು ಎಂಟು. ಐದನ್ನು ಮುಂದಿಟ್ಟು ‘ಫುಲ್ ಸೆಟ್’ ಎಂದು ಹೇಳುವವರು ಮೋಸಗಾರರೇ ಆಗಿರಬೇಕಿಲ್ಲ, ಅವರಿಗೂ ತಿಳಿದಿರುವುದಿಲ್ಲ. ಕ್ಯಾಂಪ್‌ಬೆಲ್ಲನ ಕೆನರಾ ಸಂಪುಟವೂ 1883ರಲ್ಲಿ ಎರಡು ಭಾಗಗಳಾಗಿ ಬಂದದ್ದು. ಬ್ರಿಟಾನಿಕಾದ ಹದಿನೈದನೆಯ ಆವೃತ್ತಿ 1974ರಲ್ಲಿ ಬಂದಾಗ ಅದಕ್ಕೆ ಪ್ರತ್ಯೇಕ ಸೂಚಿಯೇ ಇರಲಿಲ್ಲ, 1985ರಲ್ಲಿ ಎರಡು ಸೂಚಿ ಸಂಪುಟಗಳು ಸೇರಿದವು. ಹೀಗಾಗಿ ಸೂಚಿಯಿಲ್ಲದ 30 ಸಂಪುಟಗಳ ಹಳೆಯ ಸೆಟ್ಟು ಪೂರ್ಣವೇ, ಸೂಚಿಯಿಲ್ಲದ 30 ಸಂಪುಟಗಳ ಹೊಸ ಸೆಟ್ಟು ಅಪೂರ್ಣ.

ಕನ್ನಡದ ದೊಡ್ಡ ಯೋಜನೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ ಹೊರಬಂತು. ಪರಿಷತ್ತಿನ ನಿಘಂಟಿಗೆ 1970ರಿಂದ 1995ರವರೆಗೆ ಕಾಲು ಶತಮಾನ ಹಿಡಿಯಿತು. ಇಷ್ಟು ವರ್ಷಗಳಲ್ಲಿ ಗ್ರಂಥಪಾಲಕರು ಬದಲಾಗುತ್ತಾರೆ, ಅನುದಾನ ನಿಂತು ಮತ್ತೆ ಬರುತ್ತದೆ. ನಡುವಿನ ಎರಡು ಸಂಪುಟಗಳನ್ನು ತರಿಸಿಕೊಳ್ಳಲು ಮರೆತ ಗ್ರಂಥಾಲಯಗಳು ಎಷ್ಟೋ. ಆದ್ದರಿಂದ ಇಂಥ ಸೆಟ್ಟುಗಳು ಒಂದೇ ಕಡೆ ಪೂರ್ಣವಾಗಿ ಸಿಗಲೆಂದು ಕಾಯಬಾರದು. ಬಿಡಿ ಸಂಪುಟ ಸಿಕ್ಕಾಗ ಕೊಂಡುಕೊಳ್ಳಿ, ಇಲ್ಲದವುಗಳ ಪಟ್ಟಿಯನ್ನು ಜೇಬಿನಲ್ಲಿಡಿ. ಬೇರೆ ಬೇರೆ ಗ್ರಂಥಾಲಯಗಳ ಮೊಹರು ಹೊತ್ತ ಸಂಪುಟಗಳು ಒಂದೇ ಸಾಲಿನಲ್ಲಿ ನಿಂತಿರುವುದರಲ್ಲಿ ಕುಂದೇನೂ ಇಲ್ಲ.

ಸಂಪುಟಗಳಾದ ಮೇಲೆ ಹಾಳೆಗಳು. ನಿಘಂಟಿನಲ್ಲಿ ಮೊದಲು ಹರಿಯುವುದು ಆರಂಭದ ಸಂಕ್ಷೇಪಾಕ್ಷರಗಳ ಪಟ್ಟಿ. ಆ ನಾಲ್ಕು ಹಾಳೆ ಹೋದರೆ ಒಳಗಿನ ಅರ್ಧ ಉಲ್ಲೇಖಗಳು ಒಗಟಾಗುತ್ತವೆ. ಗೆಜೆಟಿಯರಿನಲ್ಲಿ ಕಳೆದುಹೋಗುವುದು ಭೂಪಟ. ವಿಷಯಸೂಚಿಯ ಕೊನೆಯಲ್ಲಿ ಭೂಪಟ ಮತ್ತು ಚಿತ್ರಗಳ ಪಟ್ಟಿ ಇದ್ದರೆ ಅದನ್ನು ಒಂದೊಂದಾಗಿ ತಾಳೆ ನೋಡಿ, ಹಿಂಬದಿಯ ರಟ್ಟಿನ ಒಳಗಿನ ಜೇಬಿನಲ್ಲಿ ಕೈಹಾಕಿ ನೋಡಿ. ಜೇಬು ಇದ್ದು ಭೂಪಟ ಇಲ್ಲದ ಪ್ರತಿಗಳೇ ಹೆಚ್ಚು. ಪುಟಸಂಖ್ಯೆ ನೋಡುತ್ತಾ ಹೋಗುವುದು ಬೇಸರದ ಕೆಲಸವಾದರೆ, ಹಳೆಯ ಮುದ್ರಣದ ಪುಸ್ತಕಗಳಲ್ಲಿ ಪ್ರತಿ ಎಂಟು ಅಥವಾ ಹದಿನಾರು ಪುಟಗಳಿಗೊಮ್ಮೆ ಪುಟದ ಅಡಿಯಲ್ಲಿ ಬರುವ ಚಿಕ್ಕ ಫಾರಂ (ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು) ಸಂಖ್ಯೆಯನ್ನು ಹಿಂಬಾಲಿಸಿ. ಹೊಲಿಗೆ ಬಿಟ್ಟು ಉದುರುವುದು ಸಾಮಾನ್ಯವಾಗಿ ಇಡೀ ಫಾರಮ್ಮೇ, ಆದ್ದರಿಂದ ಈ ಲೆಕ್ಕದಲ್ಲಿ ಕೊರತೆ ಬೇಗ ಸಿಕ್ಕಿಬೀಳುತ್ತದೆ.

ಶಾಸನ ಸಂಪುಟಗಳಿಗೆ ಇನ್ನೂ ಹೆಚ್ಚಿನ ಗಮನ ಬೇಕು. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಜಿಲ್ಲಾವಾರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಇವು ಬೇರೆ ಬೇರೆ ವಿಭಾಗಗಳಾಗಿರುತ್ತವೆ. ಬೈಂಡರು ಕೆಲವೊಮ್ಮೆ ಒಂದನ್ನೇ ಬಿಟ್ಟು ಕಟ್ಟಿರುತ್ತಾರೆ; ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದ ಮೇಲೆ ಹಳೆಯವು ಬೇಡವೆಂದು ಕೆಲವು ಗ್ರಂಥಾಲಯಗಳು ಭಾವಿಸುತ್ತವೆ. ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ ಬದಲಾಗಿದೆ. ಹಿಂದಿನ ವಿದ್ವಾಂಸರೆಲ್ಲ ತಾಲ್ಲೂಕಿನ ಹೆಸರು ಹಾಕಿ ಉಲ್ಲೇಖಿಸಿದ್ದು ರೈಸರ ಸಂಖ್ಯೆಗಳನ್ನು. ಅವರ ಬರಹದ ಅಡಿಟಿಪ್ಪಣಿಯನ್ನು ಹಿಡಿದು ಮೂಲಕ್ಕೆ ಹೋಗಬೇಕಾದರೆ ಹಳೆಯ ಸಂಪುಟ ಕೈಯಲ್ಲಿರಲೇಬೇಕು. ಇಂಥ ಕಾರಣ ತಿಳಿದವರು ಮಾತ್ರ ಇವನ್ನು ಉಳಿಸಬಲ್ಲರು, ಆದ್ದರಿಂದ ನಿಮ್ಮ ಕ್ಷೇತ್ರದಲ್ಲಿ ಯಾವ ಹಳೆಯ ಆವೃತ್ತಿಯ ಜಾಗವನ್ನು ಹೊಸದು ಪೂರ್ತಿಯಾಗಿ ತುಂಬಿದೆ, ಯಾವುದರ ಜಾಗವನ್ನು ತುಂಬಿಲ್ಲ ಎಂಬುದನ್ನು ಮೊದಲೇ ಅಭ್ಯಾಸ ಮಾಡಿರಿ.

ಇನ್ನೊಂದು ಮಾತು. ವಸಾಹತು ಕಾಲದ ಗೆಜೆಟಿಯರುಗಳು ಜಾತಿ, ಬುಡಕಟ್ಟು, ‘ಸ್ವಭಾವ’ಗಳ ಬಗ್ಗೆ ಬರೆದದ್ದರಲ್ಲಿ ಅನೇಕವು ಆಳುವವರ ಪೂರ್ವಗ್ರಹಗಳು. ಆ ಪುಟಗಳನ್ನು ಹರಿಯುವುದೂ ಬೇಡ, ನಂಬುವುದೂ ಬೇಡ. ಮಳೆ, ಬೆಳೆ, ಸಂತೆ, ದಾರಿ, ಕಂದಾಯದ ವಿವರಗಳಿಗಾಗಿ ಅವನ್ನು ಧಾರಾಳವಾಗಿ ಬಳಸಬಹುದು.

ಕಾಗದದ ಗಟ್ಟಿತನ ನೋಡಲು ಹಾಳೆಯ ಮೂಲೆ ಮಡಚಿ ನೋಡುವ ಪದ್ಧತಿಯೊಂದಿದೆ. ಅದನ್ನು ಅನುಸರಿಸಬೇಡಿ, ಮುರಿಯುವ ಕಾಗದ ಆ ಪರೀಕ್ಷೆಯಲ್ಲೇ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು. ಅಂಚು ಕಂದಾಗಿ, ಹಾಳೆ ತಿರುವಿದಾಗ ಒಣಗಿದ ಎಲೆಯ ಸದ್ದು ಬಂದರೆ ಅಷ್ಟೇ ಸಾಕು ಸೂಚನೆಗೆ. ಅಂಥ ಪ್ರತಿಯನ್ನು ಕೊಳ್ಳಬಹುದು, ಆದರೆ ಅದು ಬಳಕೆಯ ಪ್ರತಿಯಲ್ಲ, ಒಮ್ಮೆ ಸ್ಕ್ಯಾನ್ ಮಾಡಿ ಕಟ್ಟಿಡಬೇಕಾದ ಪ್ರತಿ.

ಮನೆಯೊಳಗೆ ತರುವ ಮುನ್ನ

ಹೊಸದಾಗಿ ಬಂದ ಪುಸ್ತಕವನ್ನು ನೇರವಾಗಿ ಕಪಾಟಿಗೆ ಸೇರಿಸುವುದು ದೊಡ್ಡ ತಪ್ಪು. ನಾನು ಒಮ್ಮೆ ಹಾಗೆ ಮಾಡಿ, ಒಂದು ಮಳೆಗಾಲದಲ್ಲಿ ಇಡೀ ಸಾಲು ಹುಳು ಹಿಡಿಯಿತು. ಈಗ ಮಾಡುವುದು ಹೀಗೆ. ಮೂಗಿಗೆ ಮಾಸ್ಕ್, ಕೈಗೆ ಗವಸು ಹಾಕಿಕೊಂಡು, ಜಗಲಿಯಲ್ಲಿ ಅಥವಾ ಮಾಳಿಗೆಯ ನೆರಳಿನಲ್ಲಿ ಪುಸ್ತಕವನ್ನು ಮುಚ್ಚಿಯೇ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಮೇಲಂಚಿನ ಧೂಳನ್ನು ಬೆನ್ನಿನಿಂದ ಹೊರಗಿನ ಕಡೆಗೆ ಗುಡಿಸುತ್ತೇನೆ. ಮಾಸ್ಕ್ ಧೂಳಿಗೆ ಮಾತ್ರ ಅಲ್ಲ. ಹಿಂದಿನ ದಶಕಗಳಲ್ಲಿ ಗ್ರಂಥಾಲಯಗಳಲ್ಲಿ ಡಿಡಿಟಿ, ಗ್ಯಾಮಾಕ್ಸಿನ್ ಎಂಬ ಕೀಟನಾಶಕ ಪುಡಿಗಳನ್ನು ಕಪಾಟುಗಳಿಗೆ ಉದುರಿಸುತ್ತಿದ್ದರು. ಬೆನ್ನಿನ ಸಂದಿನಲ್ಲಿ, ಹಾಳೆಗಳ ಬುಡದಲ್ಲಿ ಬೂದು ಬಿಳುಪಿನ ಪುಡಿ ಕಂಡರೆ ಅದನ್ನು ಊದಬೇಡಿ, ಮಕ್ಕಳ ಕೈಗೆ ಪುಸ್ತಕ ಕೊಡಬೇಡಿ, ಒರೆಸಿದ ಬಟ್ಟೆಯನ್ನು ಮರುಬಳಕೆ ಮಾಡಬೇಡಿ.

ಅನಂತರ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಬಿಳಿ ಕಾಗದ ಹಾಸಿ, ಅದರ ಮೇಲೆ ಪುಸ್ತಕವನ್ನು ಇಟ್ಟು, ಎರಡು ಮೂರು ವಾರ ಬೇರೆಯಾಗಿಡಿ. ನುಣುಪಾದ ಪುಡಿ ಕಾಗದದ ಮೇಲೆ ಬೀಳುತ್ತಿದ್ದರೆ ಒಳಗೆ ಹುಳು ಜೀವಂತವಾಗಿದೆ. ಆಗ ಚೀಲದ ಗಾಳಿ ತೆಗೆದು ಬಾಯಿಯನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಿ, ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಫ್ರೀಜರು ಮೈನಸ್ 18 ಡಿಗ್ರಿ ತಲುಪುವಂಥದಾಗಿರಬೇಕು. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಹನಿಗಟ್ಟಿದ ನೀರು ಹಾಳೆಗೆ ಇಳಿಯುತ್ತದೆ. ಬೂಷ್ಟು ಹಿಡಿದ ಪುಸ್ತಕಕ್ಕೆ ಈ ಉಪಾಯ ಸಾಲದು. ಅದನ್ನು ನೆರಳಿನಲ್ಲಿ ಗಾಳಿಗೆ ಹರಡಿ ಪೂರ್ತಿ ಒಣಗಿಸಿ, ಮನೆಯ ಹೊರಗೆ ಬ್ರಷ್ ಮಾಡಬೇಕು. ಬಿಸಿಲಿಗೆ ಹಾಕುವ ರೂಢಿ ನಮ್ಮಲ್ಲಿ ಇದೆ. ಹಪ್ಪಳಕ್ಕೆ ಅದು ಸರಿ, ಹಳೆಯ ಕಾಗದ ಬಿಸಿಲಿಗೆ ಇನ್ನಷ್ಟು ಬೇಗ ಕಂದುತ್ತದೆ, ರಟ್ಟು ಸೊಟ್ಟಗಾಗುತ್ತದೆ.

ದುರಸ್ತಿಯ ವಿಷಯದಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಸೆಲ್ಲೋಟೇಪ್ ಎಂದೂ ಬೇಡ. ಹತ್ತು ವರ್ಷದಲ್ಲಿ ಟೇಪು ಉದುರಿ, ಅಂಟು ಕಂದು ಕಲೆಯಾಗಿ ಅಕ್ಷರದ ಮೇಲೆ ಉಳಿಯುತ್ತದೆ. ಲ್ಯಾಮಿನೇಷನ್ ಕೂಡ ಬೇಡ, ಅದನ್ನು ಬಿಡಿಸಲಾಗದು. ತೆಳುವಾದ ಟಿಶ್ಯೂ ಕಾಗದ ಮತ್ತು ಗೋಧಿ ಗಂಜಿಯ ಅಂಟಿನಿಂದ ಮಾಡಿದ ತೇಪೆಯನ್ನು ಬೇಕೆಂದಾಗ ನೀರು ತಾಗಿಸಿ ತೆಗೆಯಬಹುದು. ಇಡೀ ಪುಸ್ತಕಕ್ಕೆ ಮರುಬೈಂಡಿಂಗ್ ಅನಿವಾರ್ಯವಾದರೆ ಬೈಂಡರಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ಅಂಚು ಕತ್ತರಿಸಬಾರದು, ಫಾರಂಗಳನ್ನು ಮಡಿಕೆಯಲ್ಲೇ ಹೊಲಿಯಬೇಕೇ ಹೊರತು ಪಕ್ಕದಿಂದ ದಬ್ಬಣ ಹಾಕಿ ಚುಚ್ಚಬಾರದು, ಹಳೆಯ ಮೊಹರಿನ ಹಾಳೆ ಮತ್ತು ದಿನಾಂಕ ಚೀಟಿಯನ್ನು ಎಸೆಯಬಾರದು. ನಮ್ಮ ಬೈಂಡರುಗಳು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ, ಹುಳು ಬಾರದಿರಲೆಂದು. ಅದು ವಿಷವೆಂಬುದು ನೆನಪಿರಲಿ, ಬೆರಳು ನೆಕ್ಕಿ ಹಾಳೆ ತಿರುವುವ ಅಭ್ಯಾಸವನ್ನು ಬಿಡುವುದಕ್ಕೆ ಅದೂ ಒಂದು ಕಾರಣ.

ಮೊಹರುಗಳನ್ನು, ಪರಿಗ್ರಹಣ ಸಂಖ್ಯೆಯನ್ನು, ಬೆನ್ನಿನ ಮೇಲಿನ ವರ್ಗ ಸಂಖ್ಯೆಯ ಚೀಟಿಯನ್ನು ಉಜ್ಜಿ ತೆಗೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಪುಸ್ತಕದ ಜೀವನಚರಿತ್ರೆ; ಅಳಿಸಿದ ಪುಸ್ತಕ ಕದ್ದದ್ದರಂತೆ ಕಾಣುತ್ತದೆ.

ಇಡುವುದು, ಸಾಗಿಸುವುದು, ದಾಖಲಿಸುವುದು

ದಪ್ಪ ಸಂಪುಟಗಳನ್ನು ನೆಟ್ಟಗೆ, ಒಂದಕ್ಕೊಂದು ಆಸರೆಯಾಗುವಂತೆ, ಆದರೆ ಬೆರಳು ಹೋಗುವಷ್ಟು ಸಡಿಲವಾಗಿ ನಿಲ್ಲಿಸಬೇಕು. ತೀರ ಭಾರದವು ಮಲಗಿರುವುದೇ ಒಳ್ಳೆಯದು. ಕಪಾಟು ಗೋಡೆಗೆ ತಾಗಬಾರದು, ಕೆಳಗಿನ ಹಲಗೆ ನೆಲದಿಂದ ಗೇಣುದ್ದ ಮೇಲಿರಬೇಕು. ಗೆದ್ದಲಿನ ಮಣ್ಣಿನ ದಾರಿ ಕಣ್ಣಿಗೆ ಬೀಳಲು ಆ ಸಂದು ಬೇಕು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಕಪಾಟಿನ ಬಾಗಿಲು ತೆರೆದು ಫ್ಯಾನ್ ಹಾಕಬೇಕು. ತೇವಾಂಶ 65 ಶೇಕಡಾ ದಾಟಿ ನಿಂತರೆ ಬೂಷ್ಟು ಬಂದೇ ಬರುತ್ತದೆ, ಅದನ್ನು ಅಳೆಯುವ ಚಿಕ್ಕ ಮೀಟರು ಈಗ ಸುಲಭ ಬೆಲೆಗೆ ಸಿಗುತ್ತದೆ.

ಬೇರೆ ಊರಿನಿಂದ ತರಿಸುವಾಗ ಚಿಕ್ಕ ಪೆಟ್ಟಿಗೆಗಳನ್ನೇ ಬಳಸಿ, ಹನ್ನೆರಡು ಕಿಲೋ ಮೀರದಂತೆ. ದೊಡ್ಡ ಪೆಟ್ಟಿಗೆಯನ್ನು ಎತ್ತಲಾರದೆ ಎಸೆಯುತ್ತಾರೆ, ಗೋಣಿಚೀಲದಲ್ಲಿ ಬಂದ ಪುಸ್ತಕದ ಮೂಲೆಗಳು ಮುದುಡಿರುತ್ತವೆ. ಸಾರಿಗೆ ಸಂಸ್ಥೆಯ ‘ನಮ್ಮ ಕಾರ್ಗೋ’ ಜಿಲ್ಲೆಯಿಂದ ಜಿಲ್ಲೆಗೆ ಅನುಕೂಲ. ಒಂದೆರಡು ಸಂಪುಟಗಳಾದರೆ ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಆರಂಭಿಸಿದ ‘ಜ್ಞಾನ ಪೋಸ್ಟ್’ನಲ್ಲಿ ಐದು ಕಿಲೋವರೆಗೆ ಕಡಿಮೆ ದರದಲ್ಲಿ ಕಳುಹಿಸಬಹುದೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿ.

ನಿಮ್ಮದೇ ಒಂದು ಪರಿಗ್ರಹಣ ವಹಿ ಇರಲಿ. ದಪ್ಪ ರಟ್ಟಿನ ನೋಟುಬುಕ್ಕಿನಲ್ಲಿ ಕ್ರಮಸಂಖ್ಯೆ, ಹೆಸರು, ಸಂಪುಟ, ಆವೃತ್ತಿ, ವರ್ಷ, ಹಳೆಯ ಗ್ರಂಥಾಲಯದ ಪರಿಗ್ರಹಣ ಸಂಖ್ಯೆ, ವಜಾ ಮೊಹರಿನ ತಾರೀಖು, ಕೊಂಡ ದಿನ, ಕೊಟ್ಟ ಮೊತ್ತ, ಇಲ್ಲದ ಪುಟ ಅಥವಾ ಭೂಪಟ ಇಷ್ಟನ್ನು ಬರೆದು, ರಸೀದಿಯನ್ನು ಅದೇ ಪುಟಕ್ಕೆ ಅಂಟಿಸಿ. ಪುಸ್ತಕದಲ್ಲಿ ಮಾತ್ರ ಪೆನ್ನಿನಿಂದ ಏನನ್ನೂ ಬರೆಯಬೇಡಿ. ಕ್ರಮಸಂಖ್ಯೆಯನ್ನು ಮೆತ್ತನೆಯ ಪೆನ್ಸಿಲ್ಲಿನಿಂದ ಕೊನೆಯ ಹಾಳೆಯ ಮೂಲೆಯಲ್ಲಿ ಹಾಕಿದರೆ ಸಾಕು.

ಸ್ಕ್ಯಾನ್ ಮಾಡುವ ಮೊದಲು ಅದೇ ಪುಸ್ತಕ ಇಂಟರ್ನೆಟ್ ಆರ್ಕೈವ್ (archive.org) ಜಾಲತಾಣದಲ್ಲಿ ಈಗಾಗಲೇ ಇದೆಯೇ ಎಂದು ನೋಡಿ. ಹಳೆಯ ಗೆಜೆಟಿಯರುಗಳು, ರೈಸರ ಸಂಪುಟಗಳು, ಕಿಟೆಲ್ ನಿಘಂಟು ಅಲ್ಲಿವೆ. ಕನ್ನಡ ವಿಶ್ವಕೋಶದ ಲೇಖನಗಳು ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಆದರೆ ಅಲ್ಲಿನ ಎಷ್ಟೋ ಸ್ಕ್ಯಾನುಗಳಲ್ಲಿ ಮಡಚಿದ ಭೂಪಟಗಳನ್ನು ಬಿಚ್ಚದೆಯೇ ತೆಗೆದಿರುತ್ತಾರೆ. ನಿಮ್ಮ ಪ್ರತಿಯಲ್ಲಿ ಭೂಪಟ ಇದ್ದರೆ ಅದೊಂದನ್ನೇ ಬಿಡಿಸಿ, ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆದು ಸೇರಿಸುವುದು, ಮತ್ತೆ ಇಡೀ ಪುಸ್ತಕ ಸ್ಕ್ಯಾನ್ ಮಾಡುವುದಕ್ಕಿಂತ ಹೆಚ್ಚು ಉಪಯುಕ್ತ ಕೆಲಸ. ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ, ಸರ್ಕಾರಿ ಪ್ರಕಟಣೆಗಳಿಗೆ ಪ್ರಕಟವಾದಂದಿನಿಂದ 60 ವರ್ಷ ಇರುತ್ತದೆ. ಅದು ಮುಗಿಯದ ಪುಸ್ತಕಗಳನ್ನು ಜಾಲಕ್ಕೆ ಏರಿಸಬಾರದು.

ಒಂದೇ ಸಂಪುಟದ ಎರಡು ಪ್ರತಿಗಳು ಕೈಗೆ ಬಂದಾಗ ಉತ್ತಮ ಪ್ರತಿಯನ್ನು ಇಟ್ಟುಕೊಂಡು ಇನ್ನೊಂದನ್ನು ಅಗತ್ಯವಿದ್ದವರಿಗೆ ವಿನಿಮಯವಾಗಿ ಕೊಡಿ. ನನ್ನ ವಿಶ್ವಕೋಶದ ಸಾಲಿನಲ್ಲಿ ಎರಡು ಸಂಪುಟಗಳು ಬಂದದ್ದು ಹೀಗೆಯೇ, ಅಂಚೆಯಲ್ಲಿ, ನಾನು ಕಳುಹಿಸಿದ ಒಂದು ಹೆಚ್ಚುವರಿ ಗೆಜೆಟಿಯರಿಗೆ ಬದಲಾಗಿ. ಸಾರ್ವಜನಿಕ ಬಳಕೆಗೆ ಕೊಡುವವರಿಗೆ ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ಪುಸ್ತಕದ ಮನೆಯಂಥ ಜಾಗಗಳಿವೆ. ಸಂಗ್ರಹ ಬೆಳೆದಂತೆ, ನಿಮ್ಮ ನಂತರ ಇದು ಯಾರಿಗೆ ಹೋಗಬೇಕೆಂಬುದನ್ನು ಮೇಲೆ ಹೇಳಿದ ವಹಿಯ ಮೊದಲ ಪುಟದಲ್ಲೇ ಬರೆದು, ಮನೆಯವರಿಗೆ ಆ ಪುಟವನ್ನು ತೋರಿಸಿಡಿ. ರದ್ದಿ ಅಂಗಡಿಯಿಂದ ತಂದ ಪುಸ್ತಕಗಳು ಯಾರಿಗೂ ತಿಳಿಯದೆ ಅದೇ ಅಂಗಡಿಗೆ ಮರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವುಗಳಲ್ಲಿ ಒಂದರ ಕೊನೆಯ ಹಾಳೆಯ ಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲ್ಲಿನಿಂದ ಬರೆದ ಕ್ರಮಸಂಖ್ಯೆ ಇತ್ತು.